ಬೀಳುವ ವಿದ್ಯೆ: ಬಸ್ಟರ್ ಕೀಟನ್‌ನ ರಂಗ ಮತ್ತು ಸಿನಿಮಾ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ರಂಗಭೂಮಿಗೂ ಸಿನಿಮಾಕ್ಕೂ ಇರುವ ನಂಟಿನ ಬಗ್ಗೆ ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ವಿಷಯ ಬಹಳ ದೊಡ್ಡದು. ಒಂದು ಗಂಟೆಯಲ್ಲಿ ಅಷ್ಟನ್ನೂ ಹೇಳಹೊರಟರೆ ಉಪನ್ಯಾಸ ಹೆಸರುಗಳ ಯಾದಿಯಾಗಿಬಿಡುತ್ತದೆ. ಹಾಗಾಗಿ ಒಬ್ಬನೇ ನಟನನ್ನು ಹಿಡಿದು ಹೋಗೋಣ ಎಂದುಕೊಂಡೆ. ಆತ ಅಮೆರಿಕದ ಬಸ್ಟರ್ ಕೀಟನ್. ನಡೆಯಲು ಕಲಿತು ಹೆಚ್ಚು ಕಾಲವಾಗುವ ಮುಂಚೆಯೇ ರಂಗ ಹತ್ತಿದವನು, ಇಪ್ಪತ್ತೊಂದನೆಯ ವಯಸ್ಸಿನವರೆಗೆ ವಾಡೆವಿಲ್ ಎಂಬ ರಂಗಪ್ರಕಾರದಲ್ಲೇ ಬದುಕಿದವನು, ಅಲ್ಲಿಂದ ಸಿನಿಮಾಕ್ಕೆ ಬಂದು 1920ರ ದಶಕದಲ್ಲಿ ಚಾಪ್ಲಿನ್, ಹೆರಾಲ್ಡ್ ಲಾಯ್ಡ್ ಜೊತೆಗೆ ಮೂಕಿ ಹಾಸ್ಯದ ಮೂವರು ದೊಡ್ಡವರಲ್ಲಿ ಒಬ್ಬನೆನಿಸಿಕೊಂಡವನು.

ನಾಟಕದಿಂದ ಸಿನಿಮಾಕ್ಕೆ ಹೋದವರ ಬಗ್ಗೆ ನಾವೆಲ್ಲ ಯೋಚಿಸದೆ ಆಡುವ ಎರಡು ಮಾತುಗಳಿವೆ. ನಾಟಕದವರು ಕ್ಯಾಮೆರಾ ಎದುರು ಅತಿ ಮಾಡುತ್ತಾರೆ ಎನ್ನುವುದು ಒಂದು. ಟಾಕಿ ಬಂದಮೇಲೆ ಮೂಕಿಚಿತ್ರದ ನಟರು ದನಿ ಸಾಲದೆ ಮೂಲೆ ಸೇರಿದರು ಎನ್ನುವುದು ಇನ್ನೊಂದು. ಕೀಟನ್‌ನ ಕಥೆಯಲ್ಲಿ ಈ ಎರಡೂ ನಿಲ್ಲುವುದಿಲ್ಲ. ರಂಗ ಅವನಿಗೆ ಕೊಟ್ಟದ್ದು ಅತಿಯನ್ನಲ್ಲ, ಬಿಗಿಯನ್ನು. ಅವನನ್ನು ಕೆಡವಿದ್ದು ಮಾತಲ್ಲ. ಕೆಲಸ ಮಾಡುವ ರೀತಿಯನ್ನೇ ಅವನ ಕೈಯಿಂದ ಕಿತ್ತುಕೊಂಡದ್ದು. ಈ ಎರಡು ಮಾತುಗಳನ್ನು ನಿಮಗೆ ಒಪ್ಪಿಸಲು ಮೊದಲು ವಾಡೆವಿಲ್ ಏನೆಂದು ಹೇಳುತ್ತೇನೆ. ಆಮೇಲೆ ಆ ಹುಡುಗನ ತಾಲೀಮು, ಅದು ಕ್ಯಾಮೆರಾದ ಮುಂದೆ ಏನಾಯಿತು ಎಂಬ ಮಾತು, ಕಡೆಗೆ ಅವನ ಸೋಲು. ನಡುವಿನ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಬೇಕು.

ವಾಡೆವಿಲ್ ಒಂದು ನಾಟಕವಲ್ಲ. ಅದೊಂದು ಸಂಜೆಯ ಬಿಲ್ಲು, ಅಂದರೆ ಕಾರ್ಯಕ್ರಮಗಳ ಪಟ್ಟಿ. ಎಂಟು ಒಂಬತ್ತು ಐಟಂಗಳು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹಾಡುಗಾರ್ತಿ, ಚೆಂಡು ಆಡಿಸುವವನು, ತರಬೇತಾದ ನಾಯಿಗಳು, ಜಾದೂಗಾರ, ಇಬ್ಬರು ನಗೆಗಾರರ ಜಗಳ, ಕಸರತ್ತಿನ ಅಣ್ಣತಮ್ಮಂದಿರು, ಒಂದು ಕಿರುಪ್ರಹಸನ. ನ್ಯೂಯಾರ್ಕಿನಲ್ಲಿ ಟೋನಿ ಪಾಸ್ಟರ್ ಎಂಬಾತ 1881ರಲ್ಲಿ ಹದಿನಾಲ್ಕನೆಯ ಬೀದಿಯ ತನ್ನ ಥಿಯೇಟರಿನಲ್ಲಿ, ಹೆಂಗಸರು ಮಕ್ಕಳೂ ಬಂದು ಕೂರಬಹುದಾದ ಸಭ್ಯ ಪ್ರದರ್ಶನ ಎಂದು ಇದನ್ನು ನೆಲೆಗೊಳಿಸಿದ. ಬಾಸ್ಟನ್ನಿನ ಬಿ. ಎಫ್. ಕೀತ್ ಮತ್ತು ಅವನ ಬಲಗೈಯಾದ ಆಲ್ಬಿ ಅದನ್ನು ದೊಡ್ಡ ವ್ಯಾಪಾರ ಮಾಡಿದರು. ಊರೂರಿನ ಥಿಯೇಟರುಗಳನ್ನು ಒಂದು ಸರಪಳಿಗೆ ಸೇರಿಸಿ, ಬುಕಿಂಗ್ ಆಫೀಸಿನಿಂದ ಕಲಾವಿದರನ್ನು ವಾರಕ್ಕೊಂದು ಊರಿನಂತೆ ಓಡಿಸುವ ಏರ್ಪಾಡು. ಆಫೀಸಿನವರ ಕೋಪಕ್ಕೆ ಗುರಿಯಾದ ಕಲಾವಿದನಿಗೆ ಊರು ಸಿಗುತ್ತಿರಲಿಲ್ಲ.

ಬಿಲ್ಲಿನ ಕ್ರಮಕ್ಕೂ ಒಂದು ಲೆಕ್ಕವಿತ್ತು. ಮೊದಲ ಐಟಂ ಮಾತಿಲ್ಲದ್ದು. ಯಾಕೆಂದರೆ ಜನ ಇನ್ನೂ ಕುರ್ಚಿ ಹುಡುಕುತ್ತ ಗದ್ದಲ ಮಾಡುತ್ತಿರುತ್ತಾರೆ. ಕೊನೆಯದಕ್ಕೆ ಮುಂಚಿನದು ಆ ದಿನದ ಸ್ಟಾರಿನದು. ಕೊನೆಯದು ಜನ ಎದ್ದು ಹೋಗುವಾಗಿನದು. ಸಿನಿಮಾ ಅಮೆರಿಕದಲ್ಲಿ ದುಡ್ಡು ಕೊಟ್ಟು ನೋಡುವ ಪ್ರೇಕ್ಷಕರ ಮುಂದೆ ದೊಡ್ಡ ತೆರೆಯ ಮೇಲೆ ಬಂದದ್ದೂ ಇಂಥದೇ ಜಾಗದಲ್ಲಿ. 1896ರ ಏಪ್ರಿಲ್ 23ರಂದು ನ್ಯೂಯಾರ್ಕಿನ ಕೋಸ್ಟರ್ ಅಂಡ್ ಬಯಲ್ ಮ್ಯೂಸಿಕ್ ಹಾಲಿನಲ್ಲಿ ಎಡಿಸನ್ ಹೆಸರಿನ ವೈಟಾಸ್ಕೋಪ್ ತೋರಿಸಿದಾಗ ಅದು ಇತರ ಐಟಂಗಳ ನಡುವೆ ಇನ್ನೊಂದು ಐಟಂ. ಎರಡು ತಿಂಗಳ ಮೇಲೆ ಕೀತ್‌ನ ಯೂನಿಯನ್ ಸ್ಕ್ವೇರ್ ಥಿಯೇಟರಿನಲ್ಲಿ ಲೂಮಿಯೇರ್ ಸಹೋದರರ ಯಂತ್ರ ಬಂತು. ಅಂದರೆ ಸಿನಿಮಾ ವಾಡೆವಿಲ್‌ನ ಮನೆಗೆ ಬಾಡಿಗೆಗೆ ಬಂದದ್ದು. ಮೂವತ್ತು ಮೂವತ್ತೈದು ವರ್ಷಗಳಲ್ಲಿ ಮನೆಯನ್ನೇ ತನ್ನದಾಗಿಸಿಕೊಂಡಿತು. ನ್ಯೂಯಾರ್ಕಿನ ಪ್ಯಾಲೇಸ್, ಯಾವ ವಾಡೆವಿಲ್ ಕಲಾವಿದನಿಗಾದರೂ ಕನಸಿನ ಥಿಯೇಟರು, 1932ರಲ್ಲಿ ಸಿನಿಮಾಕ್ಕೆ ತಿರುಗಿತು.

ಇಲ್ಲಿ ನಮ್ಮ ಕಂಪನಿ ನಾಟಕಗಳ ನೆನಪು ಬರುವುದು ಸಹಜ. ಗುಬ್ಬಿ ಕಂಪನಿಯೂ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುತ್ತಿತ್ತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್ ಅಪ್ಪನ ಹಿಂದೆ ಆ ಕಂಪನಿ ಸೇರಿ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆಗಿ ಸಿನಿಮಾಕ್ಕೆ ದಾಟಿದ್ದು ನಿಮಗೆಲ್ಲ ಗೊತ್ತು. ಆದರೆ ಒಂದು ವ್ಯತ್ಯಾಸ ದೊಡ್ಡದು. ನಮ್ಮ ಕಂಪನಿಗಳು ಹತ್ತಾರು ನಾಟಕಗಳನ್ನು ಲಾರಿಗೆ ಹೇರಿಕೊಂಡು ಹೋಗುತ್ತಿದ್ದವು. ವಾಡೆವಿಲ್ ಕಲಾವಿದ ಹೊತ್ತುಕೊಂಡು ತಿರುಗುತ್ತಿದ್ದುದು ಕಾಲು ಗಂಟೆ. ಅದೇ ಕಾಲು ಗಂಟೆ, ಐದು ವರ್ಷ, ಹತ್ತು ವರ್ಷ. ಊರು ಬದಲಾಗುತ್ತದೆ, ಐಟಂ ಬದಲಾಗಬೇಕಿಲ್ಲ. ಹಾಗೆ ದಿನಕ್ಕೆ ಎರಡು ಮೂರು ಬಾರಿ ಉಜ್ಜಿ ಉಜ್ಜಿ, ಎಲ್ಲಿ ಅರೆ ಸೆಕೆಂಡು ನಿಲ್ಲಬೇಕು, ಎಲ್ಲಿ ನಿಂತರೆ ಕೆಟ್ಟಿತು ಎನ್ನುವುದು ಮೈಗೆ ಇಳಿದಿರುತ್ತಿತ್ತು.

ಈ ಬಂಡವಾಳಕ್ಕೆ ಸಿನಿಮಾ ಒಡ್ಡಿದ ಕುತ್ತು ಎರಡು ಬಗೆಯದು. ಮೊದಲನೆಯದು ಎಲ್ಲರಿಗೂ ಹೊಳೆಯುವಂಥದು: ಹತ್ತು ವರ್ಷ ಬಾಳುವ ಐಟಂ ಒಮ್ಮೆ ಚಿತ್ರವಾಯಿತೆಂದರೆ ಎಲ್ಲ ಊರಿನವರೂ ನೋಡಿಬಿಡುತ್ತಾರೆ, ಮುಗಿಯಿತು. ಎರಡನೆಯದು ಸೂಕ್ಷ್ಮವಾದದ್ದು. ಡಬ್ಲ್ಯು. ಸಿ. ಫೀಲ್ಡ್ಸ್ ಹಾಸ್ಯನಟನಾಗುವ ಮೊದಲು ಲೋಕಪ್ರಸಿದ್ಧ ಜಗ್ಲರ್. ರಂಗದ ಮೇಲೆ ಬಿಲಿಯರ್ಡ್ಸ್ ಮೇಜು ಇಟ್ಟುಕೊಂಡು ಅವನು ಮಾಡುತ್ತಿದ್ದ ಐಟಂಗೆ ಬಹಳ ಹೆಸರಿತ್ತು. 1915ರಲ್ಲಿ ಅದರ ಎಳೆ ಹಿಡಿದು ‘ಪೂಲ್ ಶಾರ್ಕ್ಸ್’ ಎಂಬ ಕಿರುಚಿತ್ರ ಮಾಡಿದರು. ಚಿತ್ರದಲ್ಲಿ ಚೆಂಡುಗಳು ತಾವಾಗಿಯೇ ಮೇಜಿನ ಮೇಲೆ ಮೆರವಣಿಗೆ ಹೋಗುತ್ತವೆ, ಒಂದೊಂದೇ ಫ್ರೇಮು ತೆಗೆದು ಜೋಡಿಸಿದ ಕ್ಯಾಮೆರಾ ಚಮತ್ಕಾರ. ಚೆಂಡುಗಳೇ ಓಡಾಡುವಾಗ ಫೀಲ್ಡ್ಸ್‌ನ ಕೈಗೆ ಏನು ಕೆಲಸ? ರಂಗದಲ್ಲಿ ಜನ ಬಾಯಿ ಬಿಟ್ಟು ನೋಡುತ್ತಿದ್ದುದು ಇದು ನಿಜವಾಗಿ ನಡೆಯುತ್ತಿದೆ ಎಂಬ ಕಾರಣಕ್ಕೆ. ಕ್ಯಾಮೆರಾ ಏನನ್ನಾದರೂ ಮಾಡಬಲ್ಲದು ಎಂದು ಗೊತ್ತಾದ ಕ್ಷಣ ಆ ನಂಬಿಕೆ ಹೋಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಆ ನಂಬಿಕೆಯನ್ನು ಮರಳಿ ತರುವುದು ಹೇಗೆ ಎಂಬ ಪ್ರಶ್ನೆಗೆ ಕೀಟನ್‌ನ ಸಿನಿಮಾ ಪೂರ್ತಿ ಕೊಟ್ಟ ಉತ್ತರ ಎಂದು ನನಗೆ ಅನ್ನಿಸುತ್ತದೆ.

ಈಗ ಹುಡುಗನ ಕಡೆಗೆ ಬರೋಣ.

ಜೋಸೆಫ್ ಫ್ರಾಂಕ್ ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಕ್ಯಾನ್ಸಸ್ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ. ಅಪ್ಪ ಜೋ, ಅಮ್ಮ ಮೈರಾ ಊರೂರು ತಿರುಗುವ ಔಷಧ ಮಾರಾಟದ ಮೇಳದವರು; ಪುಕ್ಕಟೆ ಆಟ ತೋರಿಸಿ ಜನ ಸೇರಿಸುವುದು, ನಂತರ ಬಾಟಲಿ ಮಾರುವುದು. ಮಗು ಮೆಟ್ಟಿಲಿನಿಂದ ಉರುಳಿ ಬಿದ್ದೂ ಅಳದೆ ಎದ್ದುದನ್ನು ಕಂಡು ಜಾದೂಗಾರ ಹುಡಿನಿಯೇ ‘ಬಸ್ಟರ್’ ಎಂದು ಹೆಸರಿಟ್ಟನೆಂಬ ಕಥೆಯನ್ನು ಕುಟುಂಬದವರು ಹೇಳಿಕೊಂಡು ಬಂದರು. ಸಂಶೋಧಕರು ಈ ಕಥೆಯನ್ನು ಅಷ್ಟಾಗಿ ನಂಬುವುದಿಲ್ಲ. ವಾಡೆವಿಲ್‌ನವರು ಆತ್ಮಕಥೆಯನ್ನೂ ಐಟಮ್ಮಿನಂತೆಯೇ ಪಾಲಿಶ್ ಮಾಡುತ್ತಿದ್ದರು.

ಐದು ತುಂಬುವ ಹೊತ್ತಿಗೆ ಹುಡುಗ ಅಪ್ಪ ಅಮ್ಮನ ಜೊತೆ ರಂಗದ ಮೇಲಿದ್ದ. ‘ತ್ರೀ ಕೀಟನ್ಸ್’. ಅಮ್ಮ ಒಂದು ಬದಿಗೆ ನಿಂತು ಸ್ಯಾಕ್ಸೋಫೋನ್ ನುಡಿಸುತ್ತಾಳೆ. ಅಪ್ಪ ಮಕ್ಕಳನ್ನು ಬೆಳೆಸುವುದು ಹೇಗೆಂದು ಸಭಿಕರಿಗೆ ಉಪದೇಶ ಕೊಡುತ್ತಾನೆ. ಮಗ ಕೀಟಲೆ ಮಾಡುತ್ತಾನೆ. ಅಪ್ಪ ಅವನನ್ನು ಎತ್ತಿ ಸೀನಿನ ಪರದೆಗೆ, ವಿಂಗಿನೊಳಕ್ಕೆ, ಕೆಲವೊಮ್ಮೆ ವಾದ್ಯದವರ ಗುಂಡಿಗೇ ಎಸೆಯುತ್ತಾನೆ. ಎಸೆಯಲು ಅನುಕೂಲವಾಗಲೆಂದು ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು. ಮೈಗೆ ಪೆಟ್ಟಾಗದ ಹಾಗೆ ಬೀಳುವುದು, ಕೈ ಕಾಲಿನಿಂದ ವೇಗವನ್ನು ಮುರಿಯುವುದು, ಇವನ್ನೆಲ್ಲ ಅವನು ಅಕ್ಷರ ಕಲಿಯುವ ವಯಸ್ಸಿನಲ್ಲಿ ಕಲಿತ. ಶಾಲೆಗೆ ಹೋದದ್ದು ಇಲ್ಲವೆನ್ನುವಷ್ಟು ಕಡಿಮೆ.

ಇದರಲ್ಲಿ ಒಂದು ಆಟವನ್ನು ಹತ್ತಿರದಿಂದ ನೋಡಿ. ಅಪ್ಪ ಕನ್ನಡಿ ಮುಂದೆ ನಿಂತು ಕತ್ತಿ ಹಿಡಿದು ಗಡ್ಡ ಹೆರೆಯುತ್ತಿದ್ದಾನೆ. ಹಿಂದೆ ಮಗ ರಬ್ಬರ್ ಹಗ್ಗದ ತುದಿಗೆ ಒಂದು ಬಾಸ್ಕೆಟ್‌ಬಾಲ್ ಕಟ್ಟಿ ಗರಗರ ತಿರುಗಿಸುತ್ತ ಒಂದೊಂದೇ ಹೆಜ್ಜೆ ಮುಂದೆ ಬರುತ್ತಾನೆ. ಚೆಂಡು ಅಪ್ಪನ ತಲೆಯಿಂದ ಮೊಳ ದೂರ, ಗೇಣು ದೂರ, ಬೆರಳು ದೂರ. ಕತ್ತಿ ಕುತ್ತಿಗೆಯ ಮೇಲಿದೆ. ಸಭೆಯಲ್ಲಿ ಹೆಂಗಸರು ಚೀರುತ್ತಾರೆ. ಚೆಂಡು ತಲೆಗೆ ಬಡಿಯುತ್ತದೆ, ಮುಖ ಕನ್ನಡಿಗೆ ಅಪ್ಪಳಿಸುತ್ತದೆ, ಸಭೆ ಬಿದ್ದು ಬಿದ್ದು ನಗುತ್ತದೆ. ಇಲ್ಲಿ ನಗೆ ಎಲ್ಲಿಂದ ಬಂತು? ಪೆಟ್ಟಿನಿಂದಲ್ಲ. ಪೆಟ್ಟು ಬೀಳುವುದೆಂದು ಮೊದಲೇ ಕಂಡದ್ದರಿಂದ. ಚೆಂಡು, ತಲೆ, ಕತ್ತಿ ಮೂರೂ ಒಂದೇ ನೋಟದಲ್ಲಿ ಕಾಣಬೇಕು. ಒಂದನ್ನು ಮರೆಮಾಡಿದರೂ ಆಟ ಕೆಟ್ಟಿತು. ಸಿನಿಮಾ ಶಾಲೆಗಳಲ್ಲಿ ಫ್ರೇಮಿಂಗ್ ಎಂದು ಪಾಠ ಮಾಡುವುದನ್ನು ಈ ಹುಡುಗ ಚಿತ್ರ ತೆಗೆಯುವುದನ್ನು ನೋಡುವ ಮೊದಲೇ ಕಲಿತಿದ್ದ.

ಅವನ ನಗದ ಮುಖವೂ ಇಲ್ಲಿಯದೇ. ತಾನು ನಕ್ಕರೆ ಜನ ಕಡಿಮೆ ನಗುತ್ತಾರೆ, ಕಲ್ಲಿನಂತಿದ್ದರೆ ಹೆಚ್ಚು ನಗುತ್ತಾರೆ ಎಂದು ಅವನಿಗೆ ಎಳವೆಯಲ್ಲೇ ಗೊತ್ತಾಯಿತು. ತಪ್ಪಿ ನಕ್ಕರೆ ಅಪ್ಪ ರಂಗದ ಮೇಲೆಯೇ ಪಿಸುದನಿಯಲ್ಲಿ ಎಚ್ಚರಿಸುತ್ತಿದ್ದನಂತೆ. ನಾಟಕದವರು ಅತಿ ಮಾಡುತ್ತಾರೆ ಎನ್ನುವವರು ಇದನ್ನು ಗಮನಿಸಬೇಕು: ಕಡಿಮೆ ಮಾಡುವುದನ್ನೂ ರಂಗವೇ ಕಲಿಸುತ್ತದೆ.

ಇದನ್ನೆಲ್ಲ ಕೇಳುವಾಗ ಒಂದು ಕಸಿವಿಸಿ ಆಗುತ್ತದೆ, ಆಗಬೇಕು. ನ್ಯೂಯಾರ್ಕಿನಲ್ಲಿ ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘ, ಎಲ್‌ಬ್ರಿಜ್ ಗೆರಿ ಎಂಬುವರ ಹೆಸರಿನಿಂದ ಗೆರಿ ಸೊಸೈಟಿ ಎಂದೇ ಕರೆಯುತ್ತಿದ್ದರು, ಈ ಕುಟುಂಬದ ಬೆನ್ನು ಹತ್ತಿತ್ತು. ಹುಡುಗನ ಬಟ್ಟೆ ಬಿಚ್ಚಿಸಿ ಮೈಮೇಲೆ ಗಾಯ ಹುಡುಕಿದ್ದೂ ಉಂಟು. 1907ರಲ್ಲಿ ಎರಡು ವರ್ಷದ ಮಟ್ಟಿಗೆ ನ್ಯೂಯಾರ್ಕಿನ ರಂಗದಿಂದ ಅವರನ್ನು ಹೊರಗಿಟ್ಟರು. ದೊಡ್ಡವನಾದ ಮೇಲೆ ಕೀಟನ್ ಮಾತ್ರ ತನಗೆ ಎಂದೂ ಏಟಾಗಲಿಲ್ಲ, ಆ ಸಂಘದವರಿಗೆ ತಲೆ ಇರಲಿಲ್ಲ ಎಂದೇ ಹೇಳಿದ. ನನಗೆ ಸಂಘದ ಕಡೆಯೂ ನ್ಯಾಯವಿತ್ತು ಅನ್ನಿಸುತ್ತದೆ. ಆ ಕಾಲುಗಂಟೆ ಪೂರ್ತಿ ನಿಂತಿದ್ದು ಅಪ್ಪನ ಕೈಯ ಅಳತೆಯ ಮೇಲೆ. ಅಪ್ಪನಿಗೆ ಕುಡಿತ ಹೆಚ್ಚಾದಂತೆ ಆ ಅಳತೆ ತಪ್ಪತೊಡಗಿತು. 1917ರ ಆರಂಭದಲ್ಲಿ ಮೂವರ ಮೇಳ ಒಡೆಯಿತು, ಒಡೆದದ್ದು ಮಗನೇ.

ಈಗ ಮೂರನೆಯ ಭಾಗ, ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ ಎಂದ ಭಾಗ.

ಒಬ್ಬಂಟಿಯಾದ ಕೀಟನ್‌ಗೆ ನ್ಯೂಯಾರ್ಕಿನ ಶೂಬರ್ಟ್ ಸಹೋದರರ ‘ಪಾಸಿಂಗ್ ಶೋ’ದಲ್ಲಿ ವಾರಕ್ಕೆ 250 ಡಾಲರಿನ ಕೆಲಸ ಸಿಕ್ಕಿತ್ತು. ಅದು ಶುರುವಾಗುವ ಮೊದಲು, ವಾಡೆವಿಲ್‌ನ ಹಳೆಯ ಪರಿಚಯದವನೊಬ್ಬ ಅವನನ್ನು ನಲವತ್ತೆಂಟನೆಯ ಬೀದಿಯ ಸ್ಟುಡಿಯೋಕ್ಕೆ ಕರೆದೊಯ್ದ. ಅಲ್ಲಿ ರಾಸ್ಕೋ ಆರ್ಬಕಲ್, ಆ ಕಾಲದ ಬಲು ಜನಪ್ರಿಯ ದಢೂತಿ ನಗೆನಟ, ‘ದ ಬುಚರ್ ಬಾಯ್’ ಚಿತ್ರ ತೆಗೆಯುತ್ತಿದ್ದ. ಕೀಟನ್‌ನನ್ನು ಕಾಕಂಬಿ ಕೊಳ್ಳಲು ಬಂದ ಗಿರಾಕಿಯಾಗಿ ನಿಲ್ಲಿಸಿದರು. ಟೋಪಿಯೊಳಗೆ ಕಾಕಂಬಿ, ಟೋಪಿ ತಲೆಗೆ ಅಂಟಿತು, ಕಾಲು ನೆಲಕ್ಕೆ ಅಂಟಿತು. ಚಿತ್ರ ಇಂದಿಗೂ ಉಳಿದಿದೆ. ಸುತ್ತ ಎಲ್ಲರೂ ಕೈಬೀಸಿ ಕುಣಿಯುವಾಗ ಒಬ್ಬನೇ ಒಬ್ಬ ಸುಮ್ಮನೆ ನಿಂತು ಯೋಚಿಸುವುದು ಎದ್ದು ಕಾಣುತ್ತದೆ.

ಅಂದು ಅವನು ಕೇಳಿದ್ದು ಸಂಬಳವನ್ನಲ್ಲ, ಕ್ಯಾಮೆರಾವನ್ನು. ಅದರ ಒಳಗೇನಿದೆ, ಫಿಲ್ಮು ಹೇಗೆ ಓಡುತ್ತದೆ, ತೆಗೆದ ತುಣುಕನ್ನು ಹೇಗೆ ಕತ್ತರಿಸಿ ಅಂಟಿಸುತ್ತಾರೆ. 250 ಡಾಲರಿನ ರಂಗದ ಕರಾರು ಬಿಟ್ಟು ವಾರಕ್ಕೆ 40 ಡಾಲರಿಗೆ ಅಲ್ಲೇ ನಿಂತ. ನಡುವೆ ಕೆಲಕಾಲ ಸೈನ್ಯ ಸೇರಿ ಫ್ರಾನ್ಸಿಗೆ ಹೋಗಿ ಬಂದ. 1920ರ ಹೊತ್ತಿಗೆ ನಿರ್ಮಾಪಕ ಜೋಸೆಫ್ ಶೆಂಕ್, ಹಿಂದೆ ಚಾಪ್ಲಿನ್ ಕೆಲಸ ಮಾಡಿದ್ದ ಸ್ಟುಡಿಯೋವನ್ನೇ ಅವನಿಗೆ ಮಾಡಿಕೊಟ್ಟ.

ಫೀಲ್ಡ್ಸ್‌ನ ಬಿಲಿಯರ್ಡ್ಸ್ ಮೇಜಿಗೆ ಈಗ ಹಿಂತಿರುಗುತ್ತೇನೆ. ಕ್ಯಾಮೆರಾ ಸುಳ್ಳು ಹೇಳಬಲ್ಲದು ಎಂದು ಜನಕ್ಕೆ ಗೊತ್ತಿರುವಾಗ, ರಂಗದ ಮೇಲಿನ ನಿಜವನ್ನು ತೆರೆಗೆ ಒಯ್ಯುವುದು ಹೇಗೆ? ಕೀಟನ್ ಕಂಡುಕೊಂಡ ದಾರಿ ಸರಳ: ಕ್ಯಾಮೆರಾವನ್ನು ಹಿಂದಕ್ಕೆ ಸರಿಸು, ಅಡಿಯಿಂದ ಮುಡಿಯವರೆಗೆ ಮೈಯನ್ನು ತೋರಿಸು, ಅಪಾಯವೂ ಮನುಷ್ಯನೂ ಒಂದೇ ಚೌಕಟ್ಟಿನಲ್ಲಿರಲಿ, ನಡುವೆ ಕತ್ತರಿ ಹಾಕಬೇಡ. 1926ರ ‘ದ ಜನರಲ್’ನಲ್ಲಿ ಪ್ರೇಯಸಿ ತಿರಸ್ಕರಿಸಿದ ರೈಲು ಡ್ರೈವರು ಎಂಜಿನ್ನಿನ ಎರಡು ಗಾಲಿಗಳನ್ನು ಕೂಡಿಸುವ ಉಕ್ಕಿನ ದಂಡದ ಮೇಲೆ ಮಂಕಾಗಿ ಕೂರುತ್ತಾನೆ. ಎಂಜಿನ್ನು ಚಲಿಸುತ್ತದೆ. ದಂಡದ ಜೊತೆಗೆ ಅವನೂ ಮೇಲೆ, ಕೆಳಗೆ, ಮೇಲೆ. ಅವನಿಗೆ ಅರಿವೇ ಇಲ್ಲ. ಆವಿ ಸ್ವಲ್ಪ ಹೆಚ್ಚಾಗಿ ಗಾಲಿ ಜಾರಿ ಗಿರ್ರನೆ ತಿರುಗಿದ್ದರೆ ಅವನು ಉಳಿಯುತ್ತಿರಲಿಲ್ಲ. ಆ ದೃಶ್ಯದಲ್ಲಿ ಅವನ ಮುಖವನ್ನು ಹತ್ತಿರ ತಂದು ದುಃಖ ತೋರಿಸುವ ಆಸೆ ಬೇರೆ ಯಾವ ನಿರ್ದೇಶಕನಿಗಾದರೂ ಬರುತ್ತಿತ್ತು. ಕೀಟನ್‌ಗೆ ಬರಲಿಲ್ಲ.

ಇನ್ನೊಂದು ಉದಾಹರಣೆ ನನಗೆ ಬಹಳ ಪ್ರಿಯವಾದದ್ದು, ಯಾಕೆಂದರೆ ಅದರಲ್ಲಿ ರಂಗದ ವಸ್ತುವೊಂದು ಮೆಟ್ಟಿಲು ಮೆಟ್ಟಿಲಾಗಿ ಸಿನಿಮಾ ಆಗುವುದನ್ನು ನೋಡಬಹುದು. 1919ರ ‘ಬ್ಯಾಕ್ ಸ್ಟೇಜ್’ ಆರ್ಬಕಲ್ ಮತ್ತು ಕೀಟನ್ ಕೂಡಿ ಮಾಡಿದ್ದು. ಕಥೆ ನಡೆಯುವುದೇ ಒಂದು ಥಿಯೇಟರಿನಲ್ಲಿ. ಅಲ್ಲಿ ಮನೆಯ ಚಿತ್ರ ಬರೆದ ಸೀನಿನ ಚೌಕಟ್ಟು ಆರ್ಬಕಲ್ ಮೇಲೆ ಬೀಳುತ್ತದೆ. ಕಿಟಕಿಯ ತೂತು ಸರಿಯಾಗಿ ಅವನ ಮೇಲೆ ಬಂದು ಅವನು ಉಳಿಯುತ್ತಾನೆ. ಮರದ ಪಟ್ಟಿ, ಕ್ಯಾನ್‌ವಾಸು, ಬಿದ್ದರೂ ಯಾರಿಗೂ ಏನಾಗದು. ಮರುವರ್ಷ ‘ಒನ್ ವೀಕ್’ನಲ್ಲಿ ಅದೇ ಆಟ, ಈಗ ಹೊಸ ದಂಪತಿ ತಾವೇ ಜೋಡಿಸಿಕೊಂಡ ಮನೆಯ ಗೋಡೆ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ, ಸ್ಯಾಕ್ರಮೆಂಟೋ ನದಿಯ ದಡದಲ್ಲಿ, ಬಿರುಗಾಳಿಯ ನಡುವೆ, ಎರಡಂತಸ್ತಿನ ಮನೆಯ ಇಡೀ ಮುಂಗೋಡೆ. ತೂಕ ಎರಡು ಟನ್ನು, ಕಿಟಕಿಯ ಚೌಕಟ್ಟಿಗೂ ತನ್ನ ಮೈಗೂ ಇದ್ದ ಅಂತರ ಎರಡು ಅಂಗುಲ ಎಂದು ಅವನೇ ಹೇಳಿಕೊಂಡಿದ್ದಾನೆ. ನೆಲಕ್ಕೆ ಗುರುತು ಹೊಡೆದು ಅಲ್ಲಿ ನಿಂತ. ಗೋಡೆ ಬಿತ್ತು. ಅವನು ಸುತ್ತ ನೋಡುತ್ತಾನೆ. ಈ ಗೋಡೆ ಹಗುರವಾಗಿದ್ದರೆ ಗಾಳಿಗೆ ತಿರುಚಿಕೊಂಡು ಅವನ ಮೇಲೇ ಬೀಳುತ್ತಿತ್ತು, ಅದಕ್ಕೇ ಅಷ್ಟು ಭಾರ. ಆಟದ ಹುಟ್ಟು ರಂಗದ್ದು. ಆದರೆ ಕೊನೆಯ ರೂಪವನ್ನು ಯಾವ ರಂಗದ ಮೇಲೂ ಆಡಲಾಗದು.

ಇಷ್ಟರಿಂದ ಕೀಟನ್ ಕ್ಯಾಮೆರಾ ಚಮತ್ಕಾರದ ವಿರೋಧಿ ಎಂದು ತಿಳಿಯಬಾರದು. ಜನ ಚಮತ್ಕಾರವೆಂದು ತಿಳಿದೇ ನೋಡುವಲ್ಲಿ ಅವನು ಎಲ್ಲರನ್ನೂ ಮೀರಿಸಿದ. 1921ರ ‘ದ ಪ್ಲೇಹೌಸ್’ನಲ್ಲಿ ಒಂದು ವಾಡೆವಿಲ್ ಥಿಯೇಟರು. ವಾದ್ಯದವರು ಕೀಟನ್, ಕುಣಿಯುವವರು ಕೀಟನ್, ಬಾಕ್ಸಿನಲ್ಲಿ ಕುಳಿತ ಮುದುಕ ಮುದುಕಿ, ತುಂಟ ಹುಡುಗ, ಎಲ್ಲರೂ ಕೀಟನ್. ಪ್ರೇಕ್ಷಕನೊಬ್ಬ ಕರಪತ್ರ ನೋಡಿದರೆ ಅದರಲ್ಲೂ ಎಲ್ಲ ಹೆಸರು ಅವನದೇ. ತಮ್ಮ ಹೆಸರನ್ನೇ ಎಲ್ಲ ಕಡೆ ಹಾಕಿಕೊಳ್ಳುವ ನಿರ್ಮಾಪಕರಿಗೆ ಕೊಟ್ಟ ಚಾಟಿ. ಒಂದು ನೋಟದಲ್ಲಿ ಒಂಬತ್ತು ಕೀಟನ್‌ಗಳು ಸಾಲಾಗಿ ಕುಳಿತಿದ್ದಾರೆ. ಇದನ್ನು ತೆಗೆಯಲು ಲೆನ್ಸಿನ ಮುಂದೆ ಕಿರಿದಾದ ಪಟ್ಟಿಗಳನ್ನು ಕೂರಿಸಿ, ಒಂದು ಪಟ್ಟಿ ತೆರೆದು ಒಬ್ಬ ಕೀಟನ್‌ನನ್ನು ತೆಗೆಯುವುದು. ಫಿಲ್ಮನ್ನು ಮೊದಲಿಗೆ ಸುತ್ತಿ ಮುಂದಿನ ಪಟ್ಟಿ ತೆರೆಯುವುದು. ಹೀಗೆ ಒಂಬತ್ತು ಸಲ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದ ಕಾಲ. ಕ್ಯಾಮೆರಾಮನ್ ಎಲ್ಜಿನ್ ಲೆಸ್ಲಿಯ ಕೈ ಒಂಬತ್ತು ಸಲವೂ ಒಂದೇ ವೇಗದಲ್ಲಿ ತಿರುಗಬೇಕು, ಕೀಟನ್‌ನ ಚಲನೆ ಒಂಬತ್ತು ಸಲವೂ ಒಂದೇ ತಾಳಕ್ಕೆ ಬೀಳಬೇಕು. ಹದಿನೇಳು ವರ್ಷ ಒಂದೇ ಐಟಮ್ಮನ್ನು ದಿನಾ ಒಂದೇ ಅಳತೆಯಲ್ಲಿ ಮಾಡಿದ್ದವನಿಗೆ ಇದು ಹೊಸದಾಗಿರಲಿಲ್ಲ. 1924ರ ‘ಶೆರ್ಲಾಕ್ ಜೂನಿಯರ್’ನಲ್ಲಿ ಎದುರಿಗಿದ್ದವನ ಹೊಟ್ಟೆಯ ಮೇಲಿನ ಪೆಟ್ಟಿಗೆಯೊಳಕ್ಕೆ ಧುಮುಕಿ ಮಾಯವಾಗುವ ಆಟವಿದೆ. ಅದು ಕ್ಯಾಮೆರಾದ್ದೆಂದು ಎಲ್ಲರೂ ತಿಳಿಯುತ್ತಾರೆ. ಅಲ್ಲ, ಅದು ರಂಗದ ಹಳೆಯ ವಿದ್ಯೆ.

ರಂಗದಿಂದ ಅವನು ತಂದ ಇನ್ನೊಂದು ಅಭ್ಯಾಸವನ್ನು ಹೇಳದೆ ಮುಂದೆ ಹೋಗಲಾರೆ. ಅದು ಜನರ ಮುಂದೆ ಇಟ್ಟು ನೋಡುವುದು. ಚಿತ್ರ ಮುಗಿದ ಮೇಲೆ ಸುಳಿವು ಕೊಡದೆ ಯಾವುದೋ ಊರಿನ ಥಿಯೇಟರಿನಲ್ಲಿ ತೋರಿಸಿ, ಎಲ್ಲಿ ನಕ್ಕರು ಎಲ್ಲಿ ಕೆಮ್ಮಿದರು ಎಂದು ಗಮನಿಸಿ ಮತ್ತೆ ಚಿತ್ರೀಕರಣಕ್ಕೆ ಹೋಗುತ್ತಿದ್ದ. 1924ರ ‘ದ ನ್ಯಾವಿಗೇಟರ್’ನಲ್ಲಿ ಅವನು ಮುಳುಗುಗಾರರ ಉಡುಪು ತೊಟ್ಟು ಹಡಗಿನ ತಳ ರಿಪೇರಿಗೆ ನೀರಿಗಿಳಿಯುತ್ತಾನೆ. ಅಲ್ಲಿ ಮೀನುಗಳ ಹಿಂಡು ಎದುರಾಗುತ್ತದೆ. ನಕ್ಷತ್ರಮೀನನ್ನು ಬಿಲ್ಲೆಯಂತೆ ಎದೆಗೆ ಸಿಕ್ಕಿಸಿಕೊಂಡು ಟ್ರಾಫಿಕ್ ಪೊಲೀಸನಾಗಿ ಮೀನುಗಳನ್ನು ಬಿಡುತ್ತಾನೆ, ತಡೆಯುತ್ತಾನೆ. ಬಹಳ ಖರ್ಚು ಮಾಡಿ ತೆಗೆದ ದೃಶ್ಯ. ಪ್ರಚಾರದ ತುಣುಕಿನಲ್ಲಿ ಹಾಕಿದಾಗ ಜನ ನಕ್ಕರು. ಚಿತ್ರದೊಳಗೆ ನೋಡಿದಾಗ ಒಬ್ಬರೂ ನಗಲಿಲ್ಲ. ಯಾಕೆ? ಮೇಲೆ ಹುಡುಗಿ ಅಪಾಯದಲ್ಲಿದ್ದಾಳೆ, ಹಡಗು ಸರಿಮಾಡಲು ಇಳಿದವನು ಆಟಕ್ಕೆ ನಿಂತನಲ್ಲ ಎಂದು ಜನಕ್ಕೆ ಇರುಸುಮುರುಸು. ಕೀಟನ್ ದೃಶ್ಯವನ್ನು ಕಿತ್ತುಹಾಕಿದ. ಮರುವರ್ಷ ‘ಸೆವೆನ್ ಚಾನ್ಸಸ್’ನಲ್ಲಿ ಇದಕ್ಕೆ ಉಲ್ಟಾ. ಗುಡ್ಡ ಇಳಿದು ಓಡುವಾಗ ಆಕಸ್ಮಿಕವಾಗಿ ಎರಡು ಮೂರು ಕಲ್ಲು ಅವನ ಹಿಂದೆ ಉರುಳಿದವು. ಮಂದವಾಗಿದ್ದ ಸಭೆ ಅಲ್ಲಿ ಮಾತ್ರ ಎಚ್ಚೆತ್ತಿತು. ಹಿಂದಿರುಗಿ ಹೋಗಿ ಕಾಗದದ ಮುದ್ದೆಯ ಬಂಡೆಗಳನ್ನು ರಾಶಿ ಮಾಡಿಸಿ, ಇಡೀ ಗುಡ್ಡವೇ ಅಟ್ಟಿಸಿಕೊಂಡು ಬರುವ ಕೊನೆಯ ಭಾಗ ತೆಗೆದ. ಆ ಚಿತ್ರವನ್ನು ಇಂದು ನೆನೆಯುವುದೇ ಅದಕ್ಕಾಗಿ.

ಬರೆದಿಟ್ಟ ಚಿತ್ರಕಥೆ ಅವನಿಗೆ ಬೇಕಿರಲಿಲ್ಲ. ಶುರು ಗೊತ್ತು, ಕೊನೆ ಗೊತ್ತು, ನಡುವಿನದು ತಾನೇ ಹುಟ್ಟುತ್ತದೆ ಎನ್ನುತ್ತಿದ್ದ. ಲೆಸ್ಲಿ, ಕಲೆ ಮತ್ತು ಯಂತ್ರಗಳ ಕೆಲಸದ ಫ್ರೆಡ್ ಗಬೂರಿ, ಹಾಸ್ಯ ಕಟ್ಟುವ ಕ್ಲೈಡ್ ಬ್ರಕ್‌ಮನ್, ಜೀನ್ ಹವೇಜ್, ಇವರೊಂದು ಸಣ್ಣ ಮೇಳ. ಅಪ್ಪ ಜೋ ಕೂಡ ಮರಳಿ ಬಂದಿದ್ದ. ‘ಅವರ್ ಹಾಸ್ಪಿಟಾಲಿಟಿ’ಯಲ್ಲಿ ರೈಲು ಓಡಿಸುವವನು ಅವನೇ.

ಇಲ್ಲಿಂದ ಕೊನೆಯ ಭಾಗಕ್ಕೆ ದಾರಿ ತಾನೇ ತೆರೆಯುತ್ತದೆ. ‘ದ ಜನರಲ್’ ಬಹಳ ಖರ್ಚಿನ ಚಿತ್ರ. ಆರೆಗಾನ್ ರಾಜ್ಯದಲ್ಲಿ ನಿಜವಾದ ರೈಲನ್ನು ಉರಿಯುವ ಸೇತುವೆಯಿಂದ ನದಿಗೆ ಕೆಡವಿದ್ದ. ಆಗಿನ ವಿಮರ್ಶಕರು ತಣ್ಣಗಿದ್ದರು, ಹಣವೂ ನಿರೀಕ್ಷೆಯಂತೆ ಹುಟ್ಟಲಿಲ್ಲ. 1928ರಲ್ಲಿ ಶೆಂಕ್ ಸ್ವತಂತ್ರ ಸ್ಟುಡಿಯೋ ಮುಚ್ಚಿ ಕೀಟನ್‌ನನ್ನು ಎಂಜಿಎಂ ಸಂಸ್ಥೆಗೆ ಒಪ್ಪಿಸಿದ. ಹೋಗಬೇಡ ಎಂದು ಚಾಪ್ಲಿನ್ನೂ ಲಾಯ್ಡೂ ಹೇಳಿದ್ದರಂತೆ. ಅಲ್ಲಿ ಮೊದಲ ಚಿತ್ರ ‘ದ ಕ್ಯಾಮೆರಾಮನ್’ ಇನ್ನೂ ಅವನದೇ. ಬೇಸ್‌ಬಾಲ್ ಸ್ಟೇಡಿಯಂನಲ್ಲಿ ಒಬ್ಬನೇ ನಿಂತು ಎರಡೂ ತಂಡಗಳ ಆಟ ಆಡಿ ತೋರಿಸುವ ಮೂಕಾಭಿನಯವನ್ನು ನೋಡಿದವರು ಮರೆಯಲಾರರು. ಅದರಾಚೆಗೆ ಇಳಿಜಾರು.

ಟಾಕಿ ಬಂತು, ಕೀಟನ್ ಹೋದ ಎನ್ನುತ್ತಾರೆ. ದಿನಾಂಕಗಳು ಹೊಂದಿಕೊಳ್ಳುವುದರಿಂದ ಈ ಮಾತು ನಿಜವೆನಿಸುತ್ತದೆ. ಆದರೆ ಅವನಿಗೆ ದನಿ ಇತ್ತು, ಗೊರಗೊರ ತುಂಬು ದನಿ. ವಾಡೆವಿಲ್‌ನಲ್ಲಿ ಮಾತಾಡಿದ್ದ, ಹಾಡಿದ್ದ. 1930ರ ‘ಫ್ರೀ ಅಂಡ್ ಈಸಿ’ ಚಿತ್ರದ ಸ್ಪ್ಯಾನಿಷ್ ಆವೃತ್ತಿಯಲ್ಲಿ ಅರ್ಥ ತಿಳಿಯದ ಭಾಷೆಯ ಮಾತುಗಳನ್ನೂ ಬಾಯಿಪಾಠ ಮಾಡಿ ಒಪ್ಪಿಸಿದ. ಹಣದ ಮಾತಿಗೆ ಬಂದರೂ ಆ ಮೊದಲ ಟಾಕಿಗಳು ಚೆನ್ನಾಗಿಯೇ ಓಡಿದವು. ಹೋದದ್ದು ಬೇರೆ. ಚಿತ್ರಕಥೆ ಮೊದಲೇ ಟೈಪಾಗಿ ಬರುತ್ತಿತ್ತು. ಅದರಲ್ಲಿ ಅವನು ಬೀಳುವವನಲ್ಲ, ಎಲ್ಲರೂ ಬೀಳಿಸುವ ಪೆದ್ದ. ಅಪಾಯದ ಕೆಲಸಕ್ಕೆ ಬೇರೆಯವರು, ಸಂಸ್ಥೆಯ ಆಸ್ತಿಗೆ ಪೆಟ್ಟಾಗಬಾರದಲ್ಲ. ಮೇಳ ಚದುರಿತ್ತು. ಜೊತೆಗೆ ಮಾತಿನ ಮಲ್ಲ ಜಿಮ್ಮಿ ಡ್ಯುರಾಂಟಿಯನ್ನು ಕಟ್ಟಿದರು. ಕುಡಿತ, ವಿಚ್ಛೇದನ, 1933ರಲ್ಲಿ ಕೆಲಸದಿಂದ ವಜಾ. ಕುಡಿತವೇ ಕಾರಣ ಎನ್ನುವವರಿಗೆ ನನ್ನ ತಕರಾರಿಲ್ಲ. ಆದರೆ ಕುಡಿತ ಹತ್ತಿದ್ದು ಯಾವಾಗ ಎಂದು ಕೇಳಬೇಕು.

ಒಂದು ವಿಪರ್ಯಾಸ ಹೇಳುತ್ತೇನೆ. 1935ರಲ್ಲಿ ಇದೇ ಎಂಜಿಎಂ, ಮಾರ್ಕ್ಸ್ ಸಹೋದರರ ‘ಎ ನೈಟ್ ಅಟ್ ದ ಆಪೆರಾ’ ತೆಗೆಯುವ ಮೊದಲು ಅದರ ಹಾಸ್ಯ ಭಾಗಗಳನ್ನು ಊರೂರಿನ ರಂಗದ ಮೇಲೆ ಆಡಿಸಿ, ಜನ ಎಲ್ಲಿ ನಗುತ್ತಾರೆ ಎಂದು ನೋಡಿಕೊಂಡಿತು. ಕೀಟನ್ ಹಿಂದೆ ಜನರ ಮುಂದೆ ಇಟ್ಟು ನೋಡುತ್ತಿದ್ದುದೂ ಇದಕ್ಕಾಗಿಯೇ. ಕೆಲವು ವರ್ಷ ಕಳೆದು ಅದೇ ಸಂಸ್ಥೆಯಲ್ಲಿ ವಾರಕ್ಕೆ 100 ಡಾಲರಿಗೆ ಅದೇ ಮಾರ್ಕ್ಸ್ ಸಹೋದರರಿಗೆ, ರೆಡ್ ಸ್ಕೆಲ್ಟನ್‌ಗೆ ಹಾಸ್ಯ ಕಟ್ಟಿಕೊಡುವ ಕೆಲಸಕ್ಕೆ ಕುಳಿತ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1947ರಲ್ಲಿ ಪ್ಯಾರಿಸ್ಸಿನ ಮೆದ್ರಾನೋ ಸರ್ಕಸ್ಸಿನ ಅಂಕಣದಲ್ಲಿ ಮತ್ತೆ ಜನರ ಎದುರು ಬಿದ್ದು ಎದ್ದ. 1949ರಲ್ಲಿ ವಿಮರ್ಶಕ ಜೇಮ್ಸ್ ಏಜಿ ‘ಲೈಫ್’ ಪತ್ರಿಕೆಯಲ್ಲಿ ಬರೆದ ಮೂಕಿ ಹಾಸ್ಯದ ಲೇಖನ ಅವನ ಹೆಸರನ್ನು ಮೇಲೆತ್ತಿತು. ಟೆಲಿವಿಷನ್ ಬಂದಾಗ, ನೇರ ಪ್ರಸಾರಕ್ಕೆ ಹೆದರಿದ ನಟರ ನಡುವೆ, ಮರುಚಿತ್ರೀಕರಣವಿಲ್ಲದ ರಂಗದಿಂದ ಬಂದ ಇವನಿಗೆ ಅದು ತವರಿನಂತಿತ್ತು. 1952ರಲ್ಲಿ ‘ಲೈಮ್‌ಲೈಟ್’ನಲ್ಲಿ ಚಾಪ್ಲಿನ್ ಜೊತೆ ನಟಿಸಿದ, ಕಥೆಯಲ್ಲಿ ಇಬ್ಬರೂ ಮ್ಯೂಸಿಕ್ ಹಾಲಿನ ಮುದಿ ಕಲಾವಿದರು. 1960ರಲ್ಲಿ ಗೌರವ ಆಸ್ಕರ್, 1965ರಲ್ಲಿ ಸ್ಯಾಮ್ಯುಯೆಲ್ ಬೆಕೆಟ್ ಬರೆದ ‘ಫಿಲ್ಮ್’, ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ ಸಭೆ. 1966ರ ಫೆಬ್ರವರಿ 1ರಂದು ತೀರಿಕೊಂಡ.

ಇನ್ನೊಂದು ಮಾತು ಉಳಿದಿದೆ. ಈಗ ಇಲ್ಲಿ ‘ದ ಪ್ಲೇಹೌಸ್’ ತೋರಿಸುತ್ತಾರೆ. ನಾನು ಹೇಳಿದ ಒಂಬತ್ತು ಕೀಟನ್‌ಗಳು ಮುಖಕ್ಕೆ ಮಸಿ ಬಳಿದುಕೊಂಡು ಕುಳಿತಿರುತ್ತಾರೆ. ಬಿಳಿಯರು ಕರಿಯರ ವೇಷ ಹಾಕಿ ಗೇಲಿ ಮಾಡುವ ಮಿನ್‌ಸ್ಟ್ರೆಲ್ ಆಟ ಅದು, ವಾಡೆವಿಲ್‌ನ ಹೊಟ್ಟೆಯಲ್ಲೇ ಇದ್ದದ್ದು. ಅದೇ ರಂಗದ ಮಹಾನಟ, ಬಹಾಮಾಸ್‌ನಲ್ಲಿ ಹುಟ್ಟಿದ ಕಪ್ಪು ಕಲಾವಿದ ಬರ್ಟ್ ವಿಲಿಯಮ್ಸ್, ತನ್ನ ಕಪ್ಪು ಮುಖದ ಮೇಲೆ ತಾನೇ ಮಸಿ ಬಳಿದುಕೊಂಡು ರಂಗಕ್ಕೆ ಬರಬೇಕಿತ್ತು. 1913ರಲ್ಲಿ ಅವನನ್ನು ಮುಖ್ಯಪಾತ್ರದಲ್ಲಿಟ್ಟು ತೆಗೆದ ಚಿತ್ರ ಪೂರ್ಣವಾಗಲಿಲ್ಲ. ಅದರ ತುಣುಕುಗಳನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದವರು ಜೋಡಿಸಿ ಜನರಿಗೆ ತೋರಿಸಿದ್ದು 2014ರಲ್ಲಿ. 1916ರ ‘ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್’ ಎಂಬ ಕಿರುಚಿತ್ರದಲ್ಲಿ ಅವನು ಇಲ್ಲದ ಇಸ್ಪೀಟೆಲೆಗಳನ್ನು ಹಿಡಿದು, ಇಲ್ಲದ ಜೊತೆಗಾರರ ಜೊತೆ ಒಬ್ಬನೇ ಪೋಕರ್ ಆಡುತ್ತಾನೆ. ‘ದ ಕ್ಯಾಮೆರಾಮನ್’ನ ಬೇಸ್‌ಬಾಲ್ ಭಾಗವನ್ನು ಮೆಚ್ಚುವವರು ಇದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಸ್ಟುಡಿಯೋ, ಮೇಳ, ವರ್ಷಗಟ್ಟಲೆ ಕಾಲ, ಇವೆಲ್ಲ ಕೀಟನ್‌ಗೆ ಸಿಕ್ಕವು. ವಿಲಿಯಮ್ಸ್‌ಗೆ ಸಿಕ್ಕದ್ದು ಬೆರಳೆಣಿಕೆಯ ರೀಲುಗಳು. ಸಂಘಟಕರು ಒಪ್ಪಿದ್ದಾರೆ, ಇಸ್ಪೀಟಿನ ಆ ಭಾಗವನ್ನು ಮೊದಲು ತೋರಿಸಿ, ನಂತರ ‘ದ ಪ್ಲೇಹೌಸ್’ ಶುರು ಮಾಡುತ್ತಾರೆ. ಹಿಂದಿನ ಸಾಲಿನವರು ಮುಂದೆ ಬಂದು ಕೂರಬೇಕೆಂದು ವಿನಂತಿ. ಒಂಬತ್ತು ಜನರ ಚಲನೆ ಹತ್ತಿರದಿಂದ ಕಂಡರೆ ಚೆನ್ನ.